ಹೊಳೆ ದಾಟಬೇಕಾದ ಸೈಕಲ್ಲು

ಹಾಲೆಂಡಿನಲ್ಲಿ ಸೈಕಲ್ ಪ್ರವಾಸಕ್ಕೆ ಹೋದವರಿಗೆ ಒಂದು ಸುಖವಿದೆ. ಬೆಳಿಗ್ಗೆ ಅಗಲ ತಳದ ಹಡಗಿನಿಂದ ಸೈಕಲ್ ಇಳಿಸಿಕೊಂಡು ಕಾಲುವೆಯ ದಂಡೆ ಹಿಡಿದು ತುಳಿಯುತ್ತಾರೆ. ಅವರ ಪೆಟ್ಟಿಗೆ, ಹಾಸಿಗೆ, ಅಡುಗೆಯವರು ಎಲ್ಲ ಅದೇ ಹಡಗಿನಲ್ಲಿ ತೇಲುತ್ತ ಹೋಗಿ, ಸಂಜೆಗೆ ಮುಂದಿನ ಹಳೆಯ ಊರಿನಲ್ಲಿ ಕಾದಿರುತ್ತಾರೆ. ನಮ್ಮ ತುಂಗಭದ್ರೆಯಲ್ಲಿ ಅಂಥ ಹಡಗಿಲ್ಲ. ಹರಿಗೋಲಿದೆ, ದಂಡೆಯುದ್ದಕ್ಕೂ ಊರುಗಳಿವೆ, ಪೆಟ್ಟಿಗೆ ಹೊರಲು ಬಾಡಿಗೆಯ ಲಗೇಜ್ ಆಟೊ ಸಿಗುತ್ತದೆ. ಎರಡು ದಿನದ ಸುತ್ತಾಟಕ್ಕೆ ಇಷ್ಟು ಸಾಕು.

ದಾವಣಗೆರೆಯಿಂದ ಹರಿಹರ, ಅಲ್ಲಿಂದ ಬಲದಂಡೆಯಲ್ಲಿ ಕುರುವತ್ತಿ ಮತ್ತು ಮೈಲಾರ, ಹೊಳೆ ದಾಟಿ ಚೌಡಯ್ಯದಾನಪುರ, ಕೊನೆಗೆ ರಾಣೆಬೆನ್ನೂರು. ಈ ದಾರಿಯಲ್ಲಿ ಕಾಲು ಸೋತು ಕುಳಿತವರನ್ನು ನಾನು ಕಂಡಿದ್ದು ಕಡಿಮೆ. ಹೊಳೆಯ ದಂಡೆಗೆ ಬಂದು ಕೆಟ್ಟವರನ್ನು ಮಾತ್ರ ಪ್ರತಿ ಸಲ ಕಾಣುತ್ತೇನೆ. ಕಳೆದ ಸಲ ಜೊತೆಗಿದ್ದ ಬ್ಯಾಂಕಿನ ನೌಕರರೊಬ್ಬರು ಪೆಡಲ್ ಬಿಚ್ಚಲು ಹೋಗಿ ಹೊಸ ಸೈಕಲ್ಲಿನ ಥ್ರೆಡ್ಡನ್ನೇ, ಅಂದರೆ ಪೆಡಲ್ ತಿರುಗಿಸಿ ಕೂರಿಸುವ ಸುರುಳಿ ಗೆರೆಯನ್ನೇ, ಸವೆಸಿಬಿಟ್ಟರು. ಇನ್ನೊಬ್ಬರ ಸ್ಟ್ಯಾಂಡು ಹರಿಗೋಲಿನ ತಾಡಪಾಲಿಗೆ ತೂತು ಹಾಕಿತು. ಹಾಗಾಗಿ ಈ ಲೇಖನ.

ಕಾಲ

ನವೆಂಬರ್ ಕೊನೆಯಿಂದ ಫೆಬ್ರುವರಿವರೆಗೆ. ಮಳೆಗಾಲದಲ್ಲಿ ಹೊಳೆಯ ಹತ್ತಿರ ಹೋಗುವುದೇ ಬೇಡ. ಬೇಸಿಗೆಯಲ್ಲಿ ನೀರು ಮೊಳಕಾಲುದ್ದಕ್ಕೆ ಇಳಿದಿರುತ್ತದೆ, ಸೈಕಲ್ ಹೊತ್ತು ನಡೆದೇ ದಾಟೋಣ ಎಂದು ಮನಸ್ಸಾಗುತ್ತದೆ. ದಾಟಬೇಡಿ. ಮರಳು ತೆಗೆದ ಗುಂಡಿಗಳು ನೀರಿನಡಿ ಕಾಣುವುದಿಲ್ಲ. ಭರತ ಹುಣ್ಣಿಮೆಯ ಹೊತ್ತಿಗೆ ಮೈಲಾರದಲ್ಲಿ ಕಾರಣಿಕೋತ್ಸವ. ಗೊರವಯ್ಯ ಬಿಲ್ಲನ್ನೇರಿ ನುಡಿಯುವ ಕಾರಣಿಕ ಕೇಳಲೇಬೇಕು ಎನ್ನುವವರು ಸೈಕಲ್ಲನ್ನು ಮನೆಯಲ್ಲಿ ಬಿಟ್ಟು ಬಸ್ಸಿನಲ್ಲಿ ಹೋಗಲಿ.

ಸೈಕಲ್ಲು

ನಿಮ್ಮಲ್ಲಿರುವುದೇ ಸಾಕು, ಟೈರು ತೀರಾ ಸಪೂರ ಇರದಿದ್ದರೆ. ಹೊಲದ ದಾರಿಗೆ ಇಳಿದ ಕೂಡಲೇ ಜಾಲಿ ಮುಳ್ಳು ಕಾದಿರುತ್ತದೆ. ಟ್ಯೂಬಿನೊಳಗೆ ಸುರಿಯುವ ಪಂಕ್ಚರ್ ದ್ರವವನ್ನು ಕೊಳ್ಳಬೇಡಿ. ನನ್ನ ಸೈಕಲ್ಲಿನಲ್ಲಿ ಅದು ಒಂದು ತಿಂಗಳಲ್ಲಿ ವಾಲ್ವಿನೊಳಗೆ ಗೋಂದಿನಂತೆ ಗಟ್ಟಿಯಾಗಿ, ಗಾಳಿ ಹಾಕುವುದೂ ಕಷ್ಟ, ತೆಗೆಯುವುದೂ ಕಷ್ಟ ಎಂಬಂತಾಯಿತು. ಎರಡು ಟ್ಯೂಬು, ಒಂದು ಕೈಪಂಪು ಇಟ್ಟುಕೊಳ್ಳಿ. ಟ್ಯೂಬು ಬದಲಿಸುವ ಮೊದಲು ಟೈರಿನ ಒಳಗೆ ಒಂದು ತುಂಡು ಹತ್ತಿಯನ್ನು ಸುತ್ತ ಆಡಿಸಿ. ಮುಳ್ಳಿನ ತುದಿ ಇದ್ದಲ್ಲಿ ಹತ್ತಿ ಸಿಕ್ಕಿಕೊಳ್ಳುತ್ತದೆ. ಬೆರಳಾಡಿಸಿದರೆ ಮುಳ್ಳು ಬೆರಳಿಗೇ ಸಿಗುತ್ತದೆ. ಸೀಟಿನ ಮೇಲಿನ ಮೆತ್ತನೆಯ ಜೆಲ್ ಹೊದಿಕೆ ದುಡ್ಡಿಗೆ ದಂಡ.

ಮೊದಲ ದಿನ

ಬೆಳಿಗ್ಗೆ ಆರಕ್ಕೆ ಹೊರಡಿ. ಬೆಣ್ಣೆದೋಸೆ ತಿಂದು ಹೊರಡೋಣ ಎಂದರೆ ಎಂಟು ಗಂಟೆ ಇಲ್ಲೇ ಆಗುತ್ತದೆ, ಮಂಡಕ್ಕಿ ಕಟ್ಟಿಕೊಳ್ಳಿ. ಹರಿಹರ 14 ಕಿ.ಮೀ. 1224ರಲ್ಲಿ ಹೊಯ್ಸಳರ ದಂಡನಾಯಕ ಪೋಲಾಳ್ವ ಕಟ್ಟಿಸಿದ ಹರಿಹರೇಶ್ವರ ಗುಡಿಗೆ ಒಂದು ಗಂಟೆಯನ್ನಾದರೂ ಕೊಡಿ. ಅರ್ಧ ಹರಿ, ಅರ್ಧ ಹರನ ಮೂರ್ತಿಯನ್ನು ನೋಡಿ ಬಂದು, ಮಂಟಪದ ಕಂಬಗಳ ತಂಪಿನಲ್ಲಿ ಸುಮ್ಮನೆ ಕುಳಿತುಕೊಳ್ಳಿ.

ಅಲ್ಲಿಂದ ದುಗ್ಗಾವತಿ, ಹಲವಾಗಲು ಕಡೆಯ ರಸ್ತೆ. ಒಂದೇ ಎಚ್ಚರಿಕೆ: ಈ ಕಾಲದಲ್ಲಿ ಅರ್ಧ ರಸ್ತೆಯೇ ಮೆಕ್ಕೆಜೋಳದ ಕಣ. ಒಣಗಿದ ಕಾಳಿನ ಮೇಲೆ ಬ್ರೇಕ್ ಹಿಡಿದರೆ ಚಕ್ರ ಜಾರುತ್ತದೆ. ಬಿದ್ದವರಿಗೆ ಕಾಳಿನ ಒಡೆಯರಿಂದ ಬೈಗುಳವೂ ಸಿಗುತ್ತದೆ. ಇಳಿದು ತಳ್ಳಿಕೊಂಡು ಹೋಗಿ.

ಕುರುವತ್ತಿಯ ಮಲ್ಲಿಕಾರ್ಜುನ ಗುಡಿಯಲ್ಲಿ ತಲೆಯೆತ್ತಿ ಮದನಿಕೆಯರನ್ನು ನೋಡಿ. ಕಲ್ಯಾಣದ ಚಾಲುಕ್ಯರ ದೊರೆ ಒಂದನೆಯ ಸೋಮೇಶ್ವರ, ವಾಸಿಯಾಗದ ಜ್ವರಕ್ಕೆ ಬೇಸತ್ತು 1068ರಲ್ಲಿ ಇದೇ ಕುರುವತ್ತಿಯ ಬಳಿ ಹೊಳೆಗಿಳಿದು ಪ್ರಾಣ ಬಿಟ್ಟ. ರಾತ್ರಿ ಮೈಲಾರದಲ್ಲಿ ತಂಗಿ. ಜಾಗಕ್ಕೆ ಫೋನ್ ಮಾಡಿ ಮೊದಲೇ ವಿಚಾರಿಸಿರಬೇಕು.

ದಾಟುವುದು

ಈ ಕೆಲಸ ಹೊಳೆಯ ದಂಡೆಯಲ್ಲಿ ಶುರುವಾಗುವುದಲ್ಲ, ಒಂದು ವಾರ ಮೊದಲೇ ನಿಮ್ಮ ಮನೆಯ ಅಂಗಳದಲ್ಲಿ ಶುರುವಾಗಬೇಕು. ಹರಿಗೋಲು ಎಂದರೆ ಬಿದಿರಿನ ಬುಟ್ಟಿಗೆ ಹೊದಿಸಿದ ತಾಡಪಾಲು. ಹಿಂದೆ ಚರ್ಮ ಹೊದಿಸುತ್ತಿದ್ದರು. ಈಗ ಕೆಲವೆಡೆ ಫೈಬರಿನದೂ ಬಂದಿದೆ. ಅದಕ್ಕೆ ಶತ್ರು ಸೈಕಲ್ಲಿನ ಪೆಡಲ್. ಪೆಡಲ್ ಬಿಚ್ಚಲು 15 ಮಿ.ಮೀ. ಅಳತೆಯ ತೆಳು ಸ್ಪ್ಯಾನರ್ ಬೇಕು. ಬಲಗಡೆಯ ಪೆಡಲ್ ಎಲ್ಲ ನಟ್ಟುಗಳಂತೆ ಎಡಕ್ಕೆ ತಿರುಗಿಸಿದರೆ ಸಡಿಲವಾಗುತ್ತದೆ. ಎಡಗಡೆಯದು ತದ್ವಿರುದ್ಧ, ಬಲಕ್ಕೆ ತಿರುಗಿಸಬೇಕು. ಬ್ಯಾಂಕಿನವರು ತಪ್ಪಿದ್ದು ಇಲ್ಲೇ: ಎಡ ಪೆಡಲನ್ನು ಸಡಿಲಿಸುತ್ತಿದ್ದೇನೆ ಎಂದುಕೊಂಡು ಬಲವೆಲ್ಲ ಹಾಕಿ ಬಿಗಿಯುತ್ತಿದ್ದರು. ಎಡಬಲ ನೆನಪಿರದಿದ್ದರೆ ಹೀಗೆ ಮಾಡಿ: ಸ್ಪ್ಯಾನರಿನ ಹಿಡಿ ಮೇಲ್ಮುಖವಾಗಿರುವಂತೆ ಹಾಕಿ, ಹಿಡಿಯನ್ನು ಹಿಂದಿನ ಚಕ್ರದ ಕಡೆಗೆ ಎಳೆಯಿರಿ. ಎರಡೂ ಬದಿಗೆ ಇದೇ ಲೆಕ್ಕ. ಇನ್ನೊಬ್ಬರು ಎದುರಿನ ಪೆಡಲನ್ನು ಅಲುಗದಂತೆ ಹಿಡಿದಿರಲಿ. ಬಿಗಿದುಕೊಂಡಿದ್ದರೆ ಎಣ್ಣೆ ಬಿಟ್ಟು ಒಂದು ರಾತ್ರಿ ಬಿಡಿ. ಒಮ್ಮೆ ಬಿಚ್ಚಿ, ಗ್ರೀಸ್ ಸವರಿ, ಮತ್ತೆ ಹಾಕಿಟ್ಟರೆ ದಂಡೆಯಲ್ಲಿ ಎರಡು ನಿಮಿಷದ ಕೆಲಸ. ಗೋಣಿ ಸುತ್ತಿದರಾಯಿತು, ಬಿಚ್ಚುವುದೇಕೆ ಎನ್ನುವವರಿದ್ದಾರೆ. ಗೋಣಿ ಜಾರುತ್ತದೆ, ಪೆಡಲ್ ಜಾರುವುದಿಲ್ಲ. ಸ್ಟ್ಯಾಂಡನ್ನೂ ಬಿಚ್ಚಿ ಚೀಲಕ್ಕೆ ಹಾಕಿ.

ಬೆಳಿಗ್ಗೆ ಬೇಗ ದಾಟಬೇಕು. ಬಿಸಿಲೇರಿದಂತೆ ಮೂಡಗಾಳಿಯೂ ಏರುತ್ತದೆ, ನೀರು ಕುಲುಕುತ್ತದೆ. ದಾಟುವ ಜಾಗ ನೀರಿನ ಮಟ್ಟದಂತೆ ಬದಲಾಗುತ್ತಿರುತ್ತದೆ, ಅಂಬಿಗರನ್ನೇ ಕೇಳಿ. ಸೈಕಲ್ಲಿಗೂ ಸೇರಿಸಿ ಬಾಡಿಗೆಯನ್ನು ದಂಡೆಯಲ್ಲೇ ಮಾತಾಡಿಕೊಳ್ಳಿ. "ಇವತ್ತು ಬೇಡ ತಮ್ಮಾ" ಎಂದು ಹಿರಿಯ ಅಂಬಿಗರು ಹೇಳಿದರೆ ಚರ್ಚೆ ಬೇಡ, ಸೇತುವೆಯ ದಾರಿ ಹಿಡಿಯಿರಿ. ಹಾಗೆ ಒಮ್ಮೆ ಹರಿಹರದವರೆಗೂ ಹಿಂದಿರುಗಿದ್ದೇನೆ.

ಅಂಬಿಗರು ಮೊದಲು ಇಳಿಯಲಿ. ಬುಟ್ಟಿಯ ತಳಕ್ಕೆ ಎರಡು ಗೋಣಿ ಹಾಸಿ. ಇಬ್ಬರು ಸೈಕಲ್ಲನ್ನು ಎತ್ತಿ, ಮುಂದಿನ ಚಕ್ರ ಮೊದಲು ಮಾಡಿ ದಾಟಿಸಿ, ಚೈನಿನ ಬದಿ ಮೇಲಾಗುವಂತೆ ನಡುವೆ ಮಲಗಿಸಬೇಕು. ಚೈನಿನ ಚಕ್ರದ ಹಲ್ಲು ಕೆಳಗಾದರೆ ತಾಡಪಾಲಿಗೆ ಗರಗಸವಿಟ್ಟಂತೆ. ಹ್ಯಾಂಡಲ್ಲನ್ನು ಸಡಿಲಿಸಿ ಚಕ್ರದ ನೇರಕ್ಕೆ ತಿರುಗಿಸಿದರೆ ಅಂಚಿಗೆ ತಾಗುವುದಿಲ್ಲ. ಒಂದು ಹರಿಗೋಲಿಗೆ ಎರಡೇ ಸೈಕಲ್ಲು, ಮೂರನೆಯದು ಮುಂದಿನ ಸಲಕ್ಕೆ.

ಆಮೇಲೆ ನೀವು. ಅಂಚಿನ ಮೇಲೆ ಕಾಲಿಟ್ಟರೆ ಹರಿಗೋಲು ತಟ್ಟೆಯಂತೆ ವಾಲುತ್ತದೆ. ಪಾದ ನೇರವಾಗಿ ಒಳತಳಕ್ಕೆ ಬೀಳಲಿ. ಒಬ್ಬರಿಗೆ ಎದುರಾಗಿ ಇನ್ನೊಬ್ಬರು ಕುಕ್ಕುರುಗಾಲಲ್ಲಿ ಕೂರಬೇಕು. ಹುಟ್ಟು ಹಾಕಿದ ಕೂಡಲೇ ಬುಟ್ಟಿ ಸುತ್ತುತ್ತದೆ. ಅದರ ಸ್ವಭಾವವೇ ಹಾಗೆ, ಹೆದರಿ ಎದ್ದು ನಿಲ್ಲಬೇಡಿ. ಮೊಬೈಲಿನಲ್ಲಿ ಚಿತ್ರ ತೆಗೆಯಲು ಇಬ್ಬರೂ ಒಂದೇ ಬದಿಗೆ ವಾಲಿದರೆ ಮುಗಿಯಿತು.

ಜೀವರಕ್ಷಕ ಜಾಕೆಟ್ಟು ನಿಮ್ಮದೇ ಇರಲಿ. ಅಂಗಡಿಯೊಂದರಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ನಾನು ತಂದಿದ್ದ ಜಾಕೆಟ್ಟಿನ ಪಟ್ಟಿ ಎರಡನೇ ಸಲ ಎಳೆದಾಗಲೇ ಕಿತ್ತು ಕೈಗೆ ಬಂತು. ಕೊಳ್ಳುವಾಗಲೇ ಹಾಕಿಕೊಂಡು, ಹೆಗಲ ಬಳಿ ಹಿಡಿದು ಮೇಲಕ್ಕೆ ಎಳೆಸಿ ನೋಡಿ. ಕಿವಿಯವರೆಗೆ ಜಾರಿದರೆ ಅದು ನಿಮ್ಮ ಅಳತೆಯದಲ್ಲ. ಸೈಕಲ್ಲನ್ನು ಮೈಗೆ ಕಟ್ಟಿಕೊಳ್ಳಲೇಬೇಡಿ. ಹತ್ತು ಮೀಟರ್ ನೈಲಾನ್ ಹಗ್ಗದ ಒಂದು ತುದಿಯನ್ನು ಸೈಕಲ್ಲಿಗೆ, ಇನ್ನೊಂದನ್ನು ಬಿಗಿಯಾಗಿ ಮುಚ್ಚಿದ ಖಾಲಿ ಎಣ್ಣೆ ಕ್ಯಾನಿಗೆ ಕಟ್ಟಿ. ಸೈಕಲ್ ಮುಳುಗಿದರೂ ಎಲ್ಲಿದೆ ಎಂದು ತೇಲುವ ಕ್ಯಾನು ತೋರಿಸುತ್ತದೆ.

ಆಚೆ ದಂಡೆ

ಚೌಡಯ್ಯದಾನಪುರದಲ್ಲಿ ಮುಕ್ತೇಶ್ವರ ಗುಡಿಗಿಂತ ಮೊದಲು ಅಂಬಿಗರ ಚೌಡಯ್ಯನ ಐಕ್ಯಮಂಟಪಕ್ಕೆ ಹೋಗಿ. ಹನ್ನೆರಡನೇ ಶತಮಾನದ ಆ ವಚನಕಾರ ಕಾಯಕದಿಂದ ಅಂಬಿಗನೇ. ನೀರಿನಂಚಿನಲ್ಲಿರುವ ಮಂಟಪವನ್ನು ಆಗಷ್ಟೇ ಹರಿಗೋಲಿನಿಂದ ಇಳಿದವರು ನೋಡುವ ರೀತಿಯೇ ಬೇರೆ. ಬೆವರು ಅಲ್ಲೇ ಆರಲಿ, ಆಮೇಲೆ ಪೆಡಲ್ ಹಾಕಿ. ಮೊದಲ ಮೂರು ಸುತ್ತು ಬೆರಳಿನಿಂದಲೇ ತಿರುಗಬೇಕು. ಬೆರಳಿಗೆ ಬಗ್ಗದಿದ್ದರೆ ಥ್ರೆಡ್ಡಿಗೆ ಮರಳು ಹೊಕ್ಕಿರಬೇಕು, ಅಥವಾ ಎಡದ್ದನ್ನು ಬಲಕ್ಕೆ ಹಾಕುತ್ತಿರಬೇಕು. ಪೆಡಲಿನ ತುದಿಯಲ್ಲಿ ಎಲ್, ಆರ್ ಎಂದು ಕೊರೆದಿರುತ್ತದೆ, ಸವರಿ ನೋಡಿ.

ಸೇತುವೆ ಸುತ್ತಿ ಬರುವ ಲಗೇಜ್ ಆಟೊ ತಡವಾಗಿಯೇ ಬರುತ್ತದೆ. ಮಂಡಕ್ಕಿ ಉಳಿದಿದ್ದರೆ ಈಗ ತೆಗೆಯಿರಿ. ರಾಣೆಬೆನ್ನೂರಿನಿಂದ ರೈಲಿನಲ್ಲಿ ಮರಳುವವರು ಹಿಂದಿನ ದಿನವೇ ಫೋನ್ ಮಾಡಿ, ಸೈಕಲ್ಲನ್ನು ಲಗೇಜ್ ಬೋಗಿಗೆ ಹಾಕಿಸಿಕೊಳ್ಳುತ್ತಾರೆಯೇ ಎಂದು ಕೇಳಿರಬೇಕು. ಕೇಳದೆ ಹೋದ ನಾವು ಆ ಸಂಜೆ ಹೆದ್ದಾರಿಯ ಸರ್ವಿಸ್ ರಸ್ತೆಯಲ್ಲಿ, ಒಂದೇ ಪೆಡಲ್ ಉಳಿದಿದ್ದ ಬ್ಯಾಂಕಿನವರ ಸೈಕಲ್ಲನ್ನು ಸರದಿಯಂತೆ ತಳ್ಳುತ್ತ ಮನೆ ಸೇರಿದೆವು.