ನಟ್ ಸಡಿಲ ಮಾಡಿದರೆ ಇಳಿಯುತ್ತಿದ್ದ ಸದ್ದು

ನನ್ನ ಹತ್ತಿರ ಗಿಟಾರಿನ ಒಂದು ಹಳೆಯ ಟ್ಯೂಬ್ ಆಂಪ್ ಇದೆ, ಅಂದರೆ ಗಾಜಿನ ವಾಲ್ವ್‌ಗಳಿಂದ ದನಿ ದೊಡ್ಡದು ಮಾಡುವ ಪೆಟ್ಟಿಗೆ. ಯಾರೋ ಕೈಯಾರೆ ಕಟ್ಟಿದ್ದು. ಮೊದಲಿಗೆ ಮೂರು 12ಎಎಕ್ಸ್7 ಟ್ಯೂಬ್, ಕೊನೆಗೆ ಎರಡು ಇಎಲ್84 ಟ್ಯೂಬ್. ದನಿ ಬಹಳ ಚೆನ್ನಾಗಿದೆ. ಆದರೆ ಗಿಟಾರ್ ಮುಟ್ಟದೆ ಸುಮ್ನೆ ಕೂತರೂ ಸ್ಪೀಕರಿನಲ್ಲಿ ಜರ್ರ್ ಅಂತ ಒಂದು ಸದ್ದು, ಡಬ್ಬಿಯೊಳಗೆ ಸಿಕ್ಕಿಬಿದ್ದ ದುಂಬಿಯ ಹಾಗೆ. ಅದನ್ನು ಓಡಿಸಲು ಮೂರು ವಾರ ಹಿಡಿಯಿತು. ಅದರಲ್ಲಿ ಎರಡು ವಾರ ನನ್ನ ದಡ್ಡತನಕ್ಕೇ ಹೋಯಿತು.

ಹಳೆ ಆಂಪ್ ಸದ್ದು ಮಾಡಿದರೆ ಫಿಲ್ಟರ್ ಕೆಪಾಸಿಟರ್ (ಡಿಸಿ ಕರೆಂಟಿನ ಏರಿಳಿತ ಸಮ ಮಾಡುವ ಭಾಗ) ಒಣಗಿದೆ ಅಂತ ಎಲ್ಲರೂ ಹೇಳುತ್ತಾರೆ. ಎಷ್ಟೋ ಸಲ ಅದು ನಿಜವೂ ಹೌದು. ನಾನು ಅಳೆದೂ ನೋಡಲಿಲ್ಲ. ಎಲ್ಲವನ್ನೂ ಕಿತ್ತು ಹೊಸದು ಹಾಕಿದೆ. ಸದ್ದು ಒಂದಿಷ್ಟೂ ಕಡಿಮೆಯಾಗಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯಿತು. ಆಮೇಲೆ ಅಳೆದರೆ ಹಳೆಯವೂ ಸರಿಯಾಗೇ ಇದ್ದವು!

ಸೋಲ್ಡರಿಂಗ್ ಐರನ್ ಪಕ್ಕಕ್ಕಿಟ್ಟು ಕಿವಿಗೊಟ್ಟು ಕೇಳಿದ್ದು ಆಗಲೇ. ಕರೆಂಟು 50 ಹರ್ಟ್ಸ್ ಇರುವ ಕಡೆ, ಟ್ಯೂಬನ್ನು ಬಿಸಿ ಮಾಡುವ ಹೀಟರ್ ತಂತಿಯಿಂದ ನುಸುಳುವ ಸದ್ದೂ ಸಾಮಾನ್ಯವಾಗಿ 50 ಹರ್ಟ್ಸೇ. ಅದು ದಪ್ಪಗೆ ಗುಂಯ್ ಅನ್ನುತ್ತದೆ. ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್ ದಾಟಿದ ಮೇಲೆ ಬರುವುದು 100, ಅದರ ಜೊತೆಗೆ 200, 300 ಅಂತ ಮೇಲಿನವೂ ಸೇರಿ ಕರಕರ ಅನ್ನುತ್ತದೆ. ಕರೆಂಟು 60 ಹರ್ಟ್ಸ್ ಆದರೆ ಈ ಲೆಕ್ಕ 60 ಮತ್ತು 120. ಇದನ್ನು ತಿಳಿಯಲು ಮೀಟರೇನೂ ಬೇಡ. ಗಿಟಾರಿನ ದಪ್ಪ ಇ ತಂತಿಯ ಮೂರನೇ ಫ್ರೆಟ್ ಒತ್ತಿ ಮೀಟಿದರೆ 98 ಹರ್ಟ್ಸ್. ನನ್ನ ಆಂಪಿನ ಸದ್ದು ಅದಕ್ಕೆ ಒತ್ತಿಕೊಂಡೇ ಕೂತಿತ್ತು. ಹೀಟರ್ ಮೇಲಿನ ಅನುಮಾನ ಅಲ್ಲಿಗೆ ಮುಗಿಯಿತು.

ಎಲ್ಲಿಂದ ಒಳಗೆ ಬರುತ್ತಿದೆ ಅಂತ ನೋಡಲು, ಆಂಪ್ ಆಫ್ ಮಾಡಿ ಮೊದಲನೇ ಟ್ಯೂಬ್ ಕಿತ್ತು, ಮತ್ತೆ ಆನ್ ಮಾಡಿದೆ. ಸದ್ದು ಮಾಯ. ವಾಪಸ್ ಹಾಕಿದೆ, ಸದ್ದೂ ವಾಪಸ್ ಬಂತು. ಇನ್‌ಪುಟ್‌ಗೆ ಎರಡೂ ತುದಿ ಕೂಡಿಸಿ ಶಾರ್ಟ್ ಮಾಡಿದ ಪ್ಲಗ್ ಚುಚ್ಚಿದರೂ ಹೋಗಲಿಲ್ಲ. ಹಾಗಾದರೆ ಗಿಟಾರೂ ಅಲ್ಲ, ಕೇಬಲ್ಲೂ ಅಲ್ಲ. ಮೊದಲನೇ ಟ್ಯೂಬಿನ ಆಸುಪಾಸಿನಲ್ಲೇ ಕಳ್ಳ ಇದ್ದಾನೆ. ಈ ಪರೀಕ್ಷೆ ಮಾಡುವಾಗ ಸ್ಪೀಕರ್ ಮಾತ್ರ ಯಾವತ್ತೂ ತೆಗೆಯಬೇಡಿ. ಲೋಡ್ ಇಲ್ಲದೆ ಓಡಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು.

ಇನ್ನೊಂದು ಮಾತು. ನನ್ನ ಆಂಪಿನಲ್ಲಿ 300 ವೋಲ್ಟಿಗೂ ಜಾಸ್ತಿ ಡಿಸಿ ಇದೆ. ಪ್ಲಗ್ ಕಿತ್ತ ಮೇಲೂ ಅದು ಕೆಪಾಸಿಟರಿನಲ್ಲಿ ಉಳಿದಿರುತ್ತದೆ. ಒಳಗೆ ಕೈ ಹಾಕುವ ಮುಂಚೆ ಪ್ರತಿ ಸಲ 10 ಕೆ (10,000 ಓಮ್), 5 ವಾಟ್ ರೆಸಿಸ್ಟರಿನಿಂದ ಅದನ್ನು ಖಾಲಿ ಮಾಡಿ, ಮೀಟರಿನಲ್ಲಿ ನೋಡಿಕೊಳ್ಳುತ್ತೇನೆ. ಪ್ರತಿ ಸಲ ಅಂದರೆ ಪ್ರತಿ ಸಲ.

ಗುಟ್ಟು ಬಯಲಾಗಿದ್ದು ಅಕಸ್ಮಾತ್ತಾಗಿ. ಜಾಕ್ ಕೊಳೆಯಾಗಿದೆಯೇನೋ ಅಂತ ಇನ್‌ಪುಟ್ ಜಾಕಿನ ನಟ್ ಬಿಚ್ಚಿ, ತುಕ್ಕು ಉಜ್ಜಿ, ಗಟ್ಟಿಯಾಗಿ ಬಿಗಿದೆ. ಸದ್ದು ಇನ್ನೂ ಜೋರಾಯಿತು. ನಟ್ ಸ್ವಲ್ಪ ಸಡಿಲ ಮಾಡಿದೆ, ಇಳಿಯಿತು. ಮತ್ತೆ ಬಿಗಿದೆ, ಏರಿತು. ಗ್ರೌಂಡ್ (ಕರೆಂಟು ವಾಪಸ್ ಹೋಗುವ ದಾರಿ) ಗಟ್ಟಿಯಾದಷ್ಟೂ ಸದ್ದು ಜಾಸ್ತಿ! ಉಲ್ಟಾ ಆಯ್ತಲ್ವಾ ಅಂತ ಅರ್ಧ ಗಂಟೆ ನಟ್ಟನ್ನೇ ನೋಡುತ್ತಾ ಕೂತೆ.

ಆಮೇಲೆ ಹಾಳೆಯ ಮೇಲೆ ಗ್ರೌಂಡ್ ತಂತಿಗಳನ್ನಷ್ಟೇ ಬರೆದೆ. ಪವರ್ ಟ್ರಾನ್ಸ್‌ಫಾರ್ಮರಿನ ಸೆಂಟರ್ ಟ್ಯಾಪನ್ನು (ಸುರುಳಿಯ ನಡುವಿನಿಂದ ಹೊರಟ ತಂತಿ) ಚಾಸಿಗೆ, ಅಂದರೆ ಆಂಪಿನ ಲೋಹದ ಡಬ್ಬಿಗೆ, ಟ್ರಾನ್ಸ್‌ಫಾರ್ಮರಿನ ಪಕ್ಕದ ಬೋಲ್ಟಿನಲ್ಲೇ ಬಿಗಿದಿದ್ದರು. ಮೊದಲನೇ ಫಿಲ್ಟರ್ ಕೆಪಾಸಿಟರಿನ ನೆಗೆಟಿವ್ ಮಾತ್ರ ಉದ್ದನೆಯ ಗ್ರೌಂಡ್ ತಂತಿಗೆ ಹೋಗಿತ್ತು. ಆ ತಂತಿ ಚಾಸಿಗೆ ಎರಡು ಕಡೆ ತಾಗಿತ್ತು: ಸ್ಪೀಕರ್ ಜಾಕಿನಲ್ಲಿ ಒಮ್ಮೆ, ಇನ್‌ಪುಟ್ ಜಾಕಿನಲ್ಲಿ ಇನ್ನೊಮ್ಮೆ. ಕೆಪಾಸಿಟರ್ ಒಂದೇ ಸಮ ಕರೆಂಟು ಕುಡಿಯುವುದಿಲ್ಲ. ಅಲೆಯ ತುದಿಯಲ್ಲಿ ಮಾತ್ರ, ಸೆಕೆಂಡಿಗೆ 100 ಸಲ, ಗಟಕ್ ಗಟಕ್ ಅಂತ ಕುಡಿಯುತ್ತದೆ. ಆ ಕರೆಂಟು ಟ್ರಾನ್ಸ್‌ಫಾರ್ಮರಿಗೆ ವಾಪಸ್ ಹೋಗಲೇಬೇಕು. ಇಲ್ಲಿ ಅದರಲ್ಲೊಂದು ಪಾಲು ಮೊದಲನೇ ಟ್ಯೂಬಿನ ಗ್ರೌಂಡ್ ತಂತಿಯ ಮೇಲೇ ನಡೆದು, ಇನ್‌ಪುಟ್ ಜಾಕಿನಿಂದ ಚಾಸಿಗಿಳಿದು ಹೋಗುತ್ತಿತ್ತು. ನಟ್ ಬಿಗಿದರೆ ಆ ದಾರಿ ಸಲೀಸು. ಸಡಿಲ ಮಾಡಿದರೆ ಹೆಚ್ಚಿನ ಪಾಲು ಸ್ಪೀಕರ್ ಜಾಕಿನ ಕಡೆ ತಿರುಗುತ್ತಿತ್ತು.

ತಂತಿಗೆ ಅಂಥ ರೆಸಿಸ್ಟೆನ್ಸ್ ಏನಿರುತ್ತೆ ಅನಿಸಬಹುದು. 0.01 ಓಮ್ ಅಂತಲೇ ಇಟ್ಟುಕೊಳ್ಳಿ. ಅದರಲ್ಲಿ ಅರ್ಧ ಆಂಪಿಯರ್ ಹರಿದರೆ 5 ಮಿಲಿವೋಲ್ಟ್. 12ಎಎಕ್ಸ್7 ಮೊದಲ ಹಂತದಲ್ಲೇ ಅದನ್ನು ಸುಮಾರು 50 ಪಟ್ಟು ಮಾಡಿದರೆ ಕಾಲು ವೋಲ್ಟ್. ಮುಂದಿನ ಹಂತಗಳು ಇನ್ನೂ ಬಾಕಿ ಇವೆ.

ರಿಪೇರಿಗೆ ಒಂದು ಗಂಟೆಯೂ ಬೇಕಾಗಲಿಲ್ಲ. ಸೆಂಟರ್ ಟ್ಯಾಪನ್ನು ಬೋಲ್ಟಿನಿಂದ ಬಿಚ್ಚಿ ನೇರವಾಗಿ ಮೊದಲನೇ ಕೆಪಾಸಿಟರಿನ ನೆಗೆಟಿವ್ ಕಾಲಿಗೆ ಬೆಸೆದೆ. ಕುಡಿಯುವ ಕರೆಂಟೆಲ್ಲ ಅಲ್ಲೇ ಸುತ್ತಿಕೊಂಡಿರಲಿ ಅಂತ. ಅದೇ ಕಾಲಿನಿಂದ ಗ್ರೌಂಡ್ ತಂತಿಗೆ ಒಂದೇ ಒಂದು ಜೋಡಣೆ. ಎರಡೂ ಜಾಕಿಗೆ ಪ್ಲಾಸ್ಟಿಕ್ ವಾಷರ್ ಹಾಕಿ ಚಾಸಿಯಿಂದ ಬೇರೆ ಮಾಡಿದೆ. ಗ್ರೌಂಡ್ ತಂತಿಯನ್ನು ಇನ್‌ಪುಟ್ ಹತ್ತಿರದ ಒಂದು ಬೋಲ್ಟಿನಲ್ಲಿ ಮಾತ್ರ ಚಾಸಿಗೆ ಕೂಡಿಸಿದೆ. ಪ್ಲಗ್ಗಿನ ಮೂರನೇ ಪಿನ್ನಿನ ಅರ್ಥ್ ತಂತಿಗೆ ಅದರದ್ದೇ ಬೋಲ್ಟ್ ಇದೆ, ಅದನ್ನು ಮುಟ್ಟಲಿಲ್ಲ. ಸದ್ದು ಹೋಗಲಿ ಅಂತ ಅದನ್ನು ಕತ್ತರಿಸುವವರಿದ್ದಾರೆ. ಅದು ಜೀವಕ್ಕೆ ಅಪಾಯ.

ಆನ್ ಮಾಡಿದೆ. ಆನ್ ಆಗಿಲ್ಲವೇನೋ ಅಂತ ಬಗ್ಗಿ ಟ್ಯೂಬುಗಳ ಕೆಂಪು ನೋಡಿದೆ. ಕಿವಿಯನ್ನು ಸ್ಪೀಕರ್ ಬಟ್ಟೆಗೆ ಹಚ್ಚಿದ ಮೇಲೆ ಸಣ್ಣಗೆ ಗುಂಯ್ ಅನ್ನುವುದು ಕೇಳಿಸಿತು. ಇದು 50ರದ್ದು, ಇಷ್ಟು ದಿನ ಕರಕರದ ಕೆಳಗೆ ಅಡಗಿತ್ತು. ಹೀಟರಿನ ಎರಡೂ ತಂತಿಯಿಂದ ಒಂದೊಂದು 100 ಓಮ್ ರೆಸಿಸ್ಟರ್ ತಂದು, ಅವು ಸೇರುವ ಜಾಗವನ್ನು ಇಎಲ್84ರ ಕ್ಯಾಥೋಡ್ ಅನ್ನುವ ಕಾಲಿಗೆ ಕೊಟ್ಟೆ. ಈ ಆಂಪಿನಲ್ಲಿ ಅಲ್ಲಿ ಹತ್ತು ವೋಲ್ಟ್ ಚಿಲ್ಲರೆ ಇರುತ್ತದೆ. ಹೀಟರ್ ತಂತಿಯೂ ಅಷ್ಟು ಮೇಲೇರಿತು, ಆ ಗುಂಯ್ ಕೂಡ ಸುಮ್ಮನಾಯಿತು. ಜಾಕಿನ ನಟ್ಟನ್ನು ಈಗ ಹೇಗೆ ತಿರುಗಿಸಿದರೂ ಏನೂ ಆಗುವುದಿಲ್ಲ. ಆದರೂ ಆಗಾಗ ತಿರುಗಿಸಿ ನೋಡುತ್ತಿರುತ್ತೇನೆ.