ಗ್ಯಾಜೆಟ್ ಪ್ರಿಯರೇ, ಈ ಶನಿವಾರ ಎಸ್‌.ಪಿ. ರೋಡಿಗೆ ಹೋಗಿ

ವಾರಪೂರ್ತಿ ಲ್ಯಾಪ್‌ಟಾಪ್ ಮುಂದೆ ಕೂತು, ರಜೆಯಲ್ಲೂ ಅದನ್ನೇ ತೆರೆಯುವವರಿಗೆ ಒಂದು ಸಲಹೆ. ಸೆನ್ಸರ್, ಆರ್ಡುಯಿನೋ ಬೋರ್ಡು (ಪ್ರೋಗ್ರಾಂ ಹಾಕಿ ಸಣ್ಣ ಸಾಧನ ನಡೆಸುವ ಸರ್ಕ್ಯೂಟ್) ಎಲ್ಲ ಆನ್‌ಲೈನ್‌ನಲ್ಲಿ ತರಿಸುವ ಬದಲು ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಬೀದಿಯಾದ ಎಸ್‌.ಪಿ. ರೋಡಿಗೆ ಹೋಗಿ. ಭಾನುವಾರ ಬೇಡ, ಸುಮಾರು ಅಂಗಡಿ ಮುಚ್ಚಿರುತ್ತವೆ. ಹಸಿರು ಮೆಟ್ರೋದಲ್ಲಿ ಚಿಕ್ಕಪೇಟೆಗೆ ಬಂದರೆ ನಡೆದೇ ಹೋಗಬಹುದು. ಕೆಟ್ಟ ಅಡಾಪ್ಟರ್ ಇದ್ದರೆ ಜೊತೆಗೆ ಒಯ್ಯಿರಿ. ಪಿನ್ ನೋಡಿ, ವೋಲ್ಟೇಜ್ ಓದಿ, ಹೊಂದುವುದನ್ನು ಹುಡುಕಿ ಕೊಡುತ್ತಾರೆ. ಸುಮ್ನೆ ಫೋಟೋ ನೋಡಿ ತರಿಸಿದರೆ ಆ ಧೈರ್ಯ ಇರಲ್ಲ, ಅಲ್ವಾ? ನಾಲ್ಕು ಜನರ ಹತ್ತಿರ ಮಾತಾಡಿದ ಹಾಗೂ ಆಗುತ್ತೆ, ನನಗೆ ಅದೇ ಜಾಸ್ತಿ ಮುಖ್ಯ.

ಮನೆಯಲ್ಲಿ ಮಕ್ಕಳಿದ್ದರೆ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ ತೋರಿಸಿ. ರೈಟ್ ಸಹೋದರರು 1903ರಲ್ಲಿ ಹಾರಿಸಿದ ವಿಮಾನದ ಪೂರ್ಣ ಅಳತೆಯ ಪ್ರತಿರೂಪ ಅಲ್ಲಿದೆ. ಅದನ್ನು ಬೋರಲು ಮಲಗಿ ಓಡಿಸುತ್ತಿದ್ದರು ಅಂತ ಮಕ್ಕಳಿಗೆ ಹೇಳಿ ನೋಡಿ.