ಸಾಕು ಹಾವು, ಆಮೆಯ ಗೂಡಿಗೆ ಎಷ್ಟು ಬಿಸಿ? ಹೀಟರ್ ಕೊಳ್ಳುವ ಮೊದಲು ಓದಿ

ಕಾಸರಗೋಡು, ಕುಂಬಳೆ, ಉಪ್ಪಳದ ಕಡೆ ಮೀನಿನ ತೊಟ್ಟಿಯ ಪಕ್ಕದಲ್ಲೇ ಪುಟ್ಟ ಆಮೆಯನ್ನೋ ಇಗುವಾನಾ ಎಂಬ ದೊಡ್ಡ ಹಲ್ಲಿಯನ್ನೋ ಬಾಲ್ ಪೈಥಾನ್ ಹಾವನ್ನೋ ಸಾಕುವ ಮನೆಗಳು ಈಗ ಅಪರೂಪವಲ್ಲ. ಹೊಸಬರು ಮೊದಲು ಕೇಳುವುದು ಒಂದೇ: ಯಾವ ಹೀಟರ್ ತಗೊಳ್ಳಲಿ? ಸ್ವಲ್ಪ ತಡೆಯಿರಿ. ನಮ್ಮ ಕರಾವಳಿಯಲ್ಲಿ ವರ್ಷದ ಹೆಚ್ಚಿನ ತಿಂಗಳು ಈ ಪ್ರಾಣಿಗಳನ್ನು ಕಾಡುವುದು ಸೆಕೆ. ಹಾಗಾಗಿ ಕೈಯಲ್ಲಿರುವ ದುಡ್ಡು ಮೊದಲು ಬಿಸಿಯನ್ನು ಅಳೆಯುವ, ಮಿತಿಯಲ್ಲಿಡುವ ಸಾಮಾನಿಗೆ ಹೋಗಲಿ. ಹೀಟರ್ ಆಮೇಲೆ.

ಹಾವು, ಹಲ್ಲಿ, ಆಮೆಗಳು ನಮ್ಮಂತೆ ಒಳಗಿನಿಂದ ಮೈ ಬೆಚ್ಚಗಿಟ್ಟುಕೊಳ್ಳುವುದಿಲ್ಲ. ತಿಂದದ್ದು ಅರಗಲು, ರೋಗ ಬಾರದಿರಲು ಅವಕ್ಕೆ ಹೊರಗಿನ ಬಿಸಿ ಬೇಕು. ಬೇಕಾದಾಗ ಬಿಸಿಲಿಗೆ, ಸಾಕಾದಾಗ ನೆರಳಿಗೆ ಸರಿಯುತ್ತವೆ. ಗೂಡಿನಲ್ಲೂ ಇದೇ ಅನುಕೂಲ ಇರಬೇಕು. ಒಂದು ತುದಿ ಬಿಸಿ, ಇನ್ನೊಂದು ತಂಪು, ಎರಡೂ ಕಡೆ ಅಡಗಲು ಜಾಗ. ಬಾಯಿ ಒಡೆದ ಮಡಕೆಯ ಅಂಚು ಉಜ್ಜಿ ನಯ ಮಾಡಿದರೆ ಚೆನ್ನಾದ ಅಡಗುತಾಣ. ಇಡೀ ಗೂಡು ಒಂದೇ ಬಿಸಿ ಇದ್ದರೆ ಪ್ರಾಣಿಗೆ ತಪ್ಪಿಸಿಕೊಳ್ಳಲು ದಾರಿಯೇ ಇರುವುದಿಲ್ಲ.

ಒಂದು ಮಾತು ಮೊದಲೇ ಹೇಳಬೇಕು. ನಕ್ಷತ್ರ ಆಮೆ, ಉಡ, ನಮ್ಮ ಕಾಡಿನ ಹೆಬ್ಬಾವು ಇವನ್ನೆಲ್ಲ ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಬಾಲ್ ಪೈಥಾನ್, ಇಗುವಾನಾದಂಥ ವಿದೇಶಿ ಜಾತಿಗಳನ್ನು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಅದಕ್ಕೆ 2024ರಲ್ಲಿ ನಿಯಮ ಬಂದಿದೆ. ಕಾಗದಪತ್ರ ಸರಿ ಇದ್ದರೆ ಮಾತ್ರ ಮುಂದಿನದ್ದು.

ಮೊದಲ ಕೆಲಸ: ಕೋಣೆಯನ್ನು ಅಳೆಯಿರಿ

ವೈರಿನ ತುದಿಯಲ್ಲಿ ಬಿಸಿ ಅಳೆಯುವ ಪ್ರೋಬ್ ಇರುವ ಡಿಜಿಟಲ್ ಥರ್ಮಾಮೀಟರ್ ಎರಡು ತನ್ನಿ. ಇನ್ನೂರು ಮುನ್ನೂರು ರೂಪಾಯಿಯೊಳಗೆ ಒಂದು ಸಿಗುತ್ತದೆ. ಗೋಡೆಗೆ ಅಂಟಿಸುವ ಮುಳ್ಳಿನ ಮೀಟರ್ ನಂಬಬೇಡಿ, ನಾಲ್ಕೈದು ಡಿಗ್ರಿ ತಪ್ಪು ತೋರಿಸುವುದು ಸಾಮಾನ್ಯ. ಗೂಡು ಇಡಬೇಕೆಂದಿರುವ ಜಾಗದಲ್ಲಿ ಒಂದು ವಾರ ಮಧ್ಯಾಹ್ನ ಎರಡು ಗಂಟೆಗೆ, ಬೆಳಗಿನ ಜಾವಕ್ಕೆ ಎಷ್ಟಿದೆ ಎಂದು ಬರೆದಿಡಿ. ಏಪ್ರಿಲ್‌ನಲ್ಲಿ ಟೆರೇಸಿನ ಕೆಳಗಿನ ಕೋಣೆಗೂ ಕೆಳಮಹಡಿಯ ಉತ್ತರದ ಕೋಣೆಗೂ ಎಷ್ಟು ವ್ಯತ್ಯಾಸ ಎಂದು ಆಗ ಗೊತ್ತಾಗುತ್ತದೆ. ಗೂಡು ಕೆಳಮಹಡಿಯಲ್ಲೇ ಇರಲಿ. ಕಿಟಕಿಯ ಬಿಸಿಲಿಗೆ ಗಾಜಿನ ಟ್ಯಾಂಕ್ ಇಡಲೇಬೇಡಿ. ಒಳಗಿನ ಗಾಳಿ ಕೆಲವೇ ನಿಮಿಷಗಳಲ್ಲಿ ಕಾದುಬಿಡುತ್ತದೆ. ಮೂಳೆಗೆ ಬೇಕಾದ ಯುವಿಬಿ ಕಿರಣವನ್ನು ಗಾಜು ತಡೆಯುವುದರಿಂದ ಆ ಬಿಸಿಲಿನಿಂದ ಲಾಭವೂ ಇಲ್ಲ.

ಈಗ ನಿಮ್ಮ ಪ್ರಾಣಿಗೆ ಬೇಕಾದ್ದರ ಜೊತೆ ಹೋಲಿಸಿ. ಬಾಲ್ ಪೈಥಾನ್‌ಗೆ ಬಿಸಿ ಕಡೆ 31ರಿಂದ 32 ಡಿಗ್ರಿ ಸೆಲ್ಸಿಯಸ್, ತಂಪು ಕಡೆ 25ರಿಂದ 27 ಇದ್ದರೆ ಸಾಕು. ಕಾರ್ನ್ ಸ್ನೇಕ್‌ಗೆ ಇನ್ನೂ ಒಂದೆರಡು ಡಿಗ್ರಿ ಕಡಿಮೆ. ಕೆಂಪು ಕಿವಿಯ ಆಮೆಗೆ ನೀರು 24ರಿಂದ 27, ಹತ್ತಿ ಕೂರುವ ಒಣ ಜಾಗ 30ರಿಂದ 34. ಇಗುವಾನಾ ಬಿಸಿಲು ಕಾಯಿಸುವ ಕೊಂಬೆ 35ರಿಂದ 38. ಬಿಯರ್ಡೆಡ್ ಡ್ರ್ಯಾಗನ್ ಎಂಬ ಹಲ್ಲಿ ಕೂರುವ ಕಲ್ಲು ಮಾತ್ರ 38ರಿಂದ 42ರವರೆಗೆ ಕಾಯಬೇಕು, ಆದರೆ ಗೂಡಿನ ಇನ್ನೊಂದು ತುದಿ 28 ದಾಟಬಾರದು.

ಈ ಅಂಕಿಗಳನ್ನು ನೋಡಿದರೆ ನಮ್ಮೂರಿನಲ್ಲಿ ಪೈಥಾನ್‌ಗೆ ಬೇಕಾದ ಬಿಸಿ ಬಹುಪಾಲು ಕೋಣೆಯಲ್ಲೇ ಇದೆ, ಅಲ್ವಾ? ಆಟಿ ತಿಂಗಳ ಮಳೆಯ ರಾತ್ರಿಯಲ್ಲೂ ಮನೆಯೊಳಗೆ 22ಕ್ಕಿಂತ ಕೆಳಗಿಳಿಯುವುದು ಅಪರೂಪ. ಹೊಸೂರು, ತಾಳವಾಡಿಯ ಕನ್ನಡಿಗರ ಲೆಕ್ಕ ಬೇರೆ. ಅಲ್ಲಿ ಡಿಸೆಂಬರ್ ರಾತ್ರಿಗೆ ಹೀಟರ್ ಬೇಕೇ ಬೇಕು. ಸೊಲ್ಲಾಪುರ, ಅಕ್ಕಲಕೋಟೆಯವರಿಗೆ 40 ದಾಟುವ ಮೇ ತಿಂಗಳೇ ದೊಡ್ಡ ಚಿಂತೆ.

ಯಾವುದರಿಂದ ಬಿಸಿ ಕೊಡುವುದು?

ಹಗಲಿಗೆ ಅಗ್ಗದ್ದು ಹಳೆಯ ಕಾಲದ ಫಿಲಮೆಂಟ್ ಬಲ್ಬ್, ಕೋಳಿಮರಿಗೆ ಹಾಕುತ್ತಾರಲ್ಲ, ಅದೇ. ಎಲ್‌ಇಡಿಯಿಂದ ಈ ಕೆಲಸ ಆಗದು, ಅದು ಬೇಕಾದಷ್ಟು ಬಿಸಿ ಕೊಡುವುದಿಲ್ಲ. ಆಮೆಗೂ ಹಲ್ಲಿ ಜಾತಿಗೂ ಮೇಲಿನಿಂದ ಬೀಳುವ ಬಿಸಿಯೇ ಸರಿ. 40 ವ್ಯಾಟ್‌ನಿಂದ ಶುರು ಮಾಡಿ, ಸಾಲದಿದ್ದರೆ 60. ಬಲ್ಬಿನ ಕೆಳಗೆ ಒಂದು ಹಂಚಿನ ತುಂಡನ್ನೋ ಮುರಕಲ್ಲಿನ ಚಪ್ಪಟೆ ತುಂಡನ್ನೋ ಇಟ್ಟರೆ ಚೆನ್ನಾಗಿ ಕಾದು, ದೀಪ ಆರಿದ ಮೇಲೂ ಸ್ವಲ್ಪ ಹೊತ್ತು ಬೆಚ್ಚಗಿರುತ್ತದೆ. ಬಲ್ಬನ್ನು ಪ್ರಾಣಿಗೆ ಮುಟ್ಟಲಾಗದಂತೆ ಸಣ್ಣ ಕಣ್ಣಿನ ಕಬ್ಬಿಣದ ಜಾಲರಿಯ ಒಳಗಿಡಿ.

ರಾತ್ರಿ ಬೆಳಕಿಲ್ಲದೆ ಬಿಸಿ ಬೇಕಾದರೆ ಸಿರಾಮಿಕ್ ಹೀಟರ್ ಇದೆ. ಇದನ್ನು ಪ್ಲಾಸ್ಟಿಕ್ ಹೋಲ್ಡರ್‌ಗೆ ಹಾಕಿದರೆ ಹೋಲ್ಡರ್ ಕರಗುತ್ತದೆ. ನಮ್ಮ ಮನೆಗಳಲ್ಲಿರುವುದು ಪಿನ್ ಹೋಲ್ಡರ್, ಇದಕ್ಕೆ ಬೇಕಾದ್ದು ಸ್ಕ್ರೂ ಹೋಲ್ಡರ್, ಅದೂ ಪಿಂಗಾಣಿಯದ್ದು. ಅಂಗಡಿಯಲ್ಲಿ ಹಾಗೆಯೇ ಕೇಳಿ.

ಹಾವಿಗೆ ಗೂಡಿನ ಅಡಿಗೆ ಹಾಕುವ ಹೀಟ್ ಮ್ಯಾಟ್ ಕಡಿಮೆ ಕರೆಂಟ್ ತಿನ್ನುತ್ತದೆ. ಆದರೆ ಬಿಸಿ ಮಿತಿ ಮುಟ್ಟಿದಾಗ ತಾನಾಗಿ ಆರಿಸುವ ಥರ್ಮೋಸ್ಟಾಟ್ ಇಲ್ಲದೆ ಬಿಟ್ಟರೆ ಮೇಲ್ಮೈ 45 ಡಿಗ್ರಿಯನ್ನೂ ದಾಟಬಹುದು. ಹೊಟ್ಟೆಯಡಿಯ ಬಿಸಿ ಸುಡುತ್ತಿದ್ದರೂ ಹಾವು ಬೇಗ ಸರಿದುಕೊಳ್ಳುವುದಿಲ್ಲ, ಅಲ್ಲೇ ಮಲಗಿ ಸುಟ್ಟುಕೊಳ್ಳುತ್ತದೆ. ಅದೇ ಕಾರಣಕ್ಕೆ, ಕಲ್ಲಿನ ಆಕಾರದಲ್ಲಿ ಬರುವ ಹೀಟ್ ರಾಕ್ ಪುಕ್ಕಟೆ ಕೊಟ್ಟರೂ ಬೇಡ ಎನ್ನುತ್ತೇನೆ.

ಆಮೆಯ ನೀರಿಗೆ ಅಕ್ವೇರಿಯಂ ಹೀಟರ್ ಸಾಕು, ಲೀಟರಿಗೆ ಸುಮಾರು ಒಂದು ವ್ಯಾಟ್ ಲೆಕ್ಕ. ನಮ್ಮಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಬೇಕಾದೀತು, ಉಳಿದಂತೆ ನೀರು ತಾನಾಗಿಯೇ ಬೆಚ್ಚಗಿರುತ್ತದೆ. ಆಮೆ ಗುದ್ದಿ ಗಾಜು ಒಡೆಯದಂತೆ ಹೀಟರಿಗೆ ಪ್ಲಾಸ್ಟಿಕ್ ಕವಚ ಇರಲಿ. ನೀರು ಬದಲಿಸುವ ಮೊದಲು ಹೀಟರಿನ ಪ್ಲಗ್ ತೆಗೆಯಿರಿ.

ಥರ್ಮೋಸ್ಟಾಟ್, ಇಲ್ಲಿ ಮಾತ್ರ ಜುಗ್ಗತನ ಬೇಡ

ಮೊಟ್ಟೆ ಮರಿ ಮಾಡಿಸುವ ಇನ್‌ಕ್ಯುಬೇಟರ್‌ಗೆ ಬಳಸುವ ಡಿಜಿಟಲ್ ಕಂಟ್ರೋಲರ್‌ಗಳೇ ಇಲ್ಲಿಗೂ ಆಗುತ್ತವೆ. ಎಸ್‌ಟಿಸಿ-1000 ಎಂಬ ಮಾದರಿ ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಬರುತ್ತದೆ. ಅದು ಬರುವುದು ಬರಿಯ ಮೀಟರಿನಂತೆ, ಹಿಂದೆ ತಂತಿ ಸಿಕ್ಕಿಸುವ ತಿರುಪುಗಳು ತೆರೆದೇ ಇರುತ್ತವೆ. 230 ವೋಲ್ಟ್ ಹರಿಯುವ ಜಾಗ ಅದು. ಇಲೆಕ್ಟ್ರಿಷಿಯನ್ ಕೈಯಲ್ಲಿ ಮುಚ್ಚಿದ ಪೆಟ್ಟಿಗೆಯೊಳಗೆ ಕೂರಿಸಿ, ಮೂರು ಪಿನ್ ಸಾಕೆಟ್ ಹಾಕಿಸಿ. ಆ ನೂರಿನ್ನೂರು ರೂಪಾಯಿ ಕೂಲಿ ಉಳಿಸಬೇಡಿ.

ಇದರಲ್ಲಿ ಬಿಸಿಗೊಂದು, ತಂಪಿಗೊಂದು ಎಂದು ಎರಡು ದಾರಿ ಇವೆ. ಮಳೆಗಾಲದಲ್ಲಿ ಹೀಟರ್ ಸಿಕ್ಕಿಸಿ, ಪ್ರೋಬನ್ನು ಬಿಸಿ ಕಡೆ ಇಡಿ. ಬೇಸಿಗೆಯಲ್ಲಿ ಹೀಟರ್ ತೆಗೆದು ಸಣ್ಣ ಫ್ಯಾನ್ ಹಾಕಿ, ಪ್ರೋಬನ್ನು ತಂಪು ಕಡೆಗೆ ಬದಲಿಸಿ. ಒಂದೇ ಪೆಟ್ಟಿಗೆ ವರ್ಷವಿಡೀ ದುಡಿಯುತ್ತದೆ.

ಪ್ರೋಬ್ ಅಲ್ಲಾಡದಂತೆ ಬಿಗಿಯಾಗಿರಬೇಕು. ಹಾವು ಅದನ್ನು ತಂಪು ಕಡೆಗೆ ತಳ್ಳಿತೋ, ಹೀಟರ್ ನಿಲ್ಲದೆ ಉರಿಯುತ್ತದೆ. ಗೂಡಿನ ಒಳಗೆ ಸೆಲ್ಲೋಟೇಪ್ ಬಳಸಬೇಡಿ, ಹಾವಿನ ಚರ್ಮಕ್ಕೆ ಅಂಟಿದರೆ ಬಿಡಿಸುವಾಗ ಹುರುಪೆ ಕಿತ್ತು ಬರುತ್ತದೆ. ಮ್ಯಾಟ್ ಆದರೆ ಪ್ರೋಬ್ ಮ್ಯಾಟಿನ ಮೇಲೆಯೇ ಇರಲಿ.

ಥರ್ಮೋಸ್ಟಾಟ್ ಕೂಡ ಕೆಡಬಹುದು ಎಂಬುದನ್ನು ಹೆಚ್ಚಿನವರು ಯೋಚಿಸುವುದೇ ಇಲ್ಲ. ಕರೆಂಟ್ ಹಾಯಿಸಿ ನಿಲ್ಲಿಸುವ ಒಳಗಿನ ಸ್ವಿಚ್ಚು (ರಿಲೇ) ಅಂಟಿಕೊಂಡರೆ ಹೀಟರ್ ಆನ್ ಆಗಿಯೇ ಉಳಿಯುತ್ತದೆ. ಹಾಗಾಗಿ ಕೆಲಸ ಸಾಗುವಷ್ಟು ಸಣ್ಣ ಹೀಟರನ್ನೇ ಆರಿಸಿ. 50 ವ್ಯಾಟ್ ಸಾಕಾಗುವಲ್ಲಿ 100 ಬೇಡ. ಸಣ್ಣ ಹೀಟರ್ ಅಕಸ್ಮಾತ್ ದಿನವಿಡೀ ಉರಿದರೂ ಪ್ರಾಣಿಗೆ ತಂಪು ಕಡೆಯಾದರೂ ಉಳಿದೀತು.

ಕರೆಂಟ್ ಬಿಲ್ಲಿಗೂ ಇದು ಒಳ್ಳೆಯದು. 60 ವ್ಯಾಟ್ ಬಲ್ಬ್ ದಿನಕ್ಕೆ ಹತ್ತು ಗಂಟೆ ಉರಿದರೆ ಎರಡು ತಿಂಗಳ ಬಿಲ್ಲಿಗೆ 36 ಯೂನಿಟ್ ಸೇರುತ್ತದೆ.

ಎಲ್ಲ ಜೋಡಿಸಿದ ಮೇಲೆ ಪ್ರಾಣಿ ಬಿಡದೆ ಎರಡು ದಿನ ಖಾಲಿ ಓಡಿಸಿ. ಅರ್ಥಿಂಗ್ ಸರಿ ಇದೆಯೇ, ಕರೆಂಟ್ ಸೋರಿದರೆ ತಾನಾಗಿ ಕಡಿಯುವ ಮನೆಯ ಇಎಲ್‌ಸಿಬಿ ಟೆಸ್ಟ್ ಬಟನ್ ಒತ್ತಿದರೆ ಬೀಳುತ್ತದೆಯೇ ನೋಡಿ. ಆಮೆಯ ಟ್ಯಾಂಕಿನ ಮೇಲಿನ ದೀಪವನ್ನು ಬರಿಯ ಕ್ಲಿಪ್ಪಿನಲ್ಲಿ ನಿಲ್ಲಿಸಬೇಡಿ, ಸರಪಳಿಯಿಂದ ಮೇಲಕ್ಕೆ ಕಟ್ಟಿ. ಅದು ನೀರಿಗೆ ಬಿದ್ದರೆ ಕೈ ಹಾಕಿದವರ ಜೀವಕ್ಕೇ ಅಪಾಯ. ವೈರುಗಳು ಸಾಕೆಟ್‌ಗಿಂತ ಕೆಳಗೆ ಜೋತು, ಆಮೇಲೆ ಮೇಲೇರಲಿ. ಆಗ ವೈರಿನಗುಂಟ ಹರಿದ ನೀರು ಪ್ಲಗ್ ತಲುಪದೆ ಕೆಳಗೆ ತೊಟ್ಟಿಕ್ಕುತ್ತದೆ.

ಸೆಕೆಗೆ, ಮಳೆಗೆ

ಒಣ ಹವೆಯ ಸೊಲ್ಲಾಪುರದಲ್ಲಿ ಗೂಡಿನ ಮೇಲೆ ಒದ್ದೆ ಗೋಣಿ ಹೊದಿಸಿದರೆ ಒಳಗೆ ಚೆನ್ನಾಗಿ ತಂಪಾಗುತ್ತದೆ. ಕಾಸರಗೋಡಿನ ತೇವದ ಗಾಳಿಯಲ್ಲಿ ಗೋಣಿಯ ನೀರು ಬೇಗ ಆರುವುದಿಲ್ಲ, ತಂಪೂ ಆಗುವುದಿಲ್ಲ, ಸುಮ್ನೆ ಬೂಸ್ಟು ಹಿಡಿಯುತ್ತದೆ. ಇಲ್ಲಿ ಬೇಕಾದ್ದು ಗಾಳಿಯ ಓಡಾಟ. ಮೇಲ್ಗಡೆ ಜಾಲರಿ ಇರಲಿ, ಫ್ಯಾನ್ ಹೊರಗಿದ್ದು ಬಿಸಿ ಗಾಳಿಯನ್ನು ಎಳೆಯಲಿ. ತೀರಾ ಸೆಕೆಯ ಮಧ್ಯಾಹ್ನ ಐಸ್ ಮಾಡಿದ ನೀರಿನ ಬಾಟಲಿಗೆ ಬಟ್ಟೆ ಸುತ್ತಿ ತಂಪು ಕಡೆಯ ಗಾಜಿಗೆ ಹೊರಗಿನಿಂದ ತಾಗಿಸಿಡಿ.

ಮಳೆಗಾಲದಲ್ಲಿ ತೆಂಗಿನ ಮಡಲು ತಂತಿಯ ಮೇಲೆ ಬಿದ್ದು ರಾತ್ರಿಯಿಡೀ ಕರೆಂಟ್ ಹೋಗುವುದು ನಮಗೆ ಹೊಸತಲ್ಲ. ಗಾಬರಿ ಬೇಡ. ಗೂಡಿನ ಮೂರು ಬದಿಗೆ ಕಂಬಳಿ ಹೊದಿಸಿ, ಗಾಳಿಗೆ ಜಾಗ ಬಿಡಿ, ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿ ಒಂದು ಪಕ್ಕ ಇಡಿ. ಆರೋಗ್ಯವಾಗಿರುವ ಹಾವು ಒಂದು ರಾತ್ರಿಯ 23 ಡಿಗ್ರಿಯನ್ನು ತಾಳಿಕೊಳ್ಳುತ್ತದೆ. ಕರೆಂಟ್ ಬಂದು ಗೂಡು ಮತ್ತೆ ಬೆಚ್ಚಗಾಗುವವರೆಗೆ ಆಹಾರ ಮಾತ್ರ ಕೊಡಬೇಡಿ, ತಿಂದದ್ದು ಅರಗದೆ ಕಕ್ಕೀತು. ಒದ್ದೆಯಾದ ಹಾಸನ್ನು ಕೂಡಲೇ ಬದಲಿಸಿ.

ಸಾಕಲು ಆಗದಿದ್ದರೆ ಆಮೆಯನ್ನು ಪಯಸ್ವಿನಿಗೋ ಚಂದ್ರಗಿರಿ ಹೊಳೆಗೋ ಬಿಡಬೇಡಿ. ಕೆಂಪು ಕಿವಿಯ ಆಮೆ ಅಮೆರಿಕದ್ದು, ಇಲ್ಲಿನ ನೀರಿಗೆ ಹೊಂದಿಕೊಂಡು ನಮ್ಮ ಆಮೆಗಳ ಜಾಗ ಕಬಳಿಸುತ್ತದೆ. ಕಾಸರಗೋಡು ಜಿಲ್ಲೆಯ ಅಧಿಕೃತ ಪ್ರಾಣಿಯೆಂದು ಘೋಷಿಸಿರುವ ಭೀಮನ ಗಾತ್ರದ ಮೃದುಚಿಪ್ಪಿನ ಆಮೆ ಬದುಕಿರುವುದು ಇದೇ ಚಂದ್ರಗಿರಿಯಲ್ಲಿ. ಬಿಡುವ ಬದಲು ಅರಣ್ಯ ಇಲಾಖೆಯವರನ್ನು ಕೇಳಿ.

ಹಾವು ಬಾಯಿ ತೆರೆದು ಉಸಿರಾಡಿದರೆ, ಮೂಗಿನಲ್ಲಿ ಗುಳ್ಳೆ ಬಂದರೆ, ಆಮೆ ಓರೆಯಾಗಿ ತೇಲಿದರೆ ಅದು ಉಸಿರಾಟದ ಸೋಂಕಿನ ಲಕ್ಷಣ. ಹಾವು ದಿನವಿಡೀ ನೀರಿನ ಬಟ್ಟಲಲ್ಲೇ ಮಲಗಿದ್ದರೆ ಗೂಡು ಜಾಸ್ತಿ ಬಿಸಿಯಾಗಿರಬಹುದು, ಮೊದಲು ಥರ್ಮಾಮೀಟರ್ ನೋಡಿ. ಹಾವು, ಆಮೆ ನೋಡುವ ಪಶುವೈದ್ಯರು ಎಲ್ಲ ಊರಲ್ಲೂ ಇರುವುದಿಲ್ಲ, ಮಂಗಳೂರಿನವರೆಗೆ ಹೋಗಬೇಕಾದೀತು. ಪ್ರಾಣಿಯನ್ನು ತರುವ ಮೊದಲೇ ವಿಚಾರಿಸಿ ಅವರ ನಂಬರ್ ಬರೆದಿಟ್ಟುಕೊಳ್ಳಿ.